ಕ್ಲೋನ್ ಊರಿನ ಕಥೆ ಎರಡನೇ ತಲೆಮಾರಿಗೆ ಬರಲಿ

ವೈಜ್ಞಾನಿಕ ಕಥೆ ಬರೆಯುವ ಗೆಳೆಯರಲ್ಲಿ ಒಂದು ಮನವಿ. ಒಂದೇ ಮುಖದ ಸಾವಿರ ಜನ, ಜೀನ್ ತಿದ್ದಿ ಹುಟ್ಟಿಸಿದ ಮಕ್ಕಳು, ಎಲ್ಲ ಒಳ್ಳೆಯ ವಸ್ತುವೇ. ಆದರೆ ಕಥೆ ಪ್ರಯೋಗಾಲಯದಲ್ಲೇ ಮುಗಿಯುತ್ತದೆ. ನಕಲಾದವನು ಕನ್ನಡಿ ನೋಡಿ ‘ನಾನು ಯಾರು’ ಅನ್ನುತ್ತಾನೆ, ಅಲ್ಲಿಗೆ ಪರದೆ.

ಡಿಎನ್‌ಎ ಒಂದೇ ಆದ ಮಾತ್ರಕ್ಕೆ ಜೀವ ಒಂದೇ ಆಗುವುದಿಲ್ಲ. 2001ರ ಡಿಸೆಂಬರಿನಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕಿಗೆ ಮೂಲ ಬೆಕ್ಕಿನ ಕಿತ್ತಳೆ ಬಣ್ಣ ಬರಲೇ ಇಲ್ಲ. ಆ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣು ಬೆಕ್ಕಿನ ಒಂದೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಡುತ್ತದೆ. ನಕಲಿಗೆ ತೆಗೆದ ಕೋಶದಲ್ಲಿ ಕಿತ್ತಳೆಯ ಎಕ್ಸ್ ಮುಚ್ಚಿತ್ತು, ಮತ್ತೆ ತೆರೆಯಲಿಲ್ಲ. ಒಂದೇ ಡಿಎನ್‌ಎ ಇರುವ ತದ್ರೂಪಿ ಅವಳಿಗಳ ಬೆರಳಚ್ಚು ಕೂಡ ಬೇರೆಬೇರೆ.

ಜೀನ್ ತಿದ್ದಲು ಬಳಸುವ ಕ್ರಿಸ್ಪರ್ ಎಂಬ ಕತ್ತರಿಯೂ ಅಷ್ಟು ಸಲೀಸಲ್ಲ. ಮಾರ್ಗದರ್ಶಿ ಆರ್‌ಎನ್‌ಎಯ 20 ಅಕ್ಷರಗಳ ವಿಳಾಸ ಹೇಳಿದ ಜಾಗದಲ್ಲಿ ಅದು ಡಿಎನ್‌ಎ ಕತ್ತರಿಸುತ್ತದೆ ಅಷ್ಟೆ. ಹೊಲಿಗೆ ಹಾಕುವುದು ಜೀವಕೋಶ, ತನಗೆ ತೋಚಿದಂತೆ. 2018ರಲ್ಲಿ ಚೀನಾದ ಅವಳಿಗಳಲ್ಲಿ ಎಚ್‌ಐವಿ ಜೀವಕೋಶದೊಳಗೆ ನುಗ್ಗಲು ಬಾಗಿಲಾಗುವ ಸಿಸಿಆರ್5 ಜೀನ್ ತಿದ್ದಿದಾಗ ಬಯಸಿದ್ದ 32 ಅಕ್ಷರಗಳ ಅಳಿಕೆ ಇಬ್ಬರಲ್ಲೂ ಆಗಲಿಲ್ಲ. ಭ್ರೂಣ ಎರಡು ಕೋಶವಾದ ಮೇಲೆ ಕತ್ತರಿ ಬಿದ್ದರಂತೂ ಮೈಯ ಒಂದಷ್ಟು ಭಾಗ ತಿದ್ದಿದ್ದು, ಒಂದಷ್ಟು ತಿದ್ದದೆ ಉಳಿದದ್ದು.

ಇರಲಿ, ಎಲ್ಲ ಸರಿಯಾಗಿಯೇ ಆಯಿತು ಅನ್ನೋಣ. ದಾವಣಗೆರೆಯೇ ಕಥೆಯ ಊರು. ಪಿ.ಜೆ. ಬಡಾವಣೆಯಿಂದ ನಿಟ್ಟುವಳ್ಳಿವರೆಗೆ ಗಂಡಸರೆಲ್ಲ ಒಬ್ಬನ ನಕಲು, ಹೆಂಗಸರೆಲ್ಲ ಒಬ್ಬಳ ನಕಲು. ಇವರಿಗೆ ಮಕ್ಕಳಾದರೆ? ಒಂದೇ ಥರ ಇರುವುದಿಲ್ಲ, ಒಡಹುಟ್ಟಿದವರಷ್ಟು ಬೇರೆಬೇರೆ ಇರುತ್ತಾರೆ. 23 ಜೋಡಿ ಕ್ರೋಮೋಸೋಮುಗಳು ಒಂದು ಅಂಡಕ್ಕೋ ವೀರ್ಯಾಣುವಿಗೋ ಹಂಚಿಹೋಗುವ ಬಗೆಗಳೇ 83 ಲಕ್ಷ ದಾಟುತ್ತವೆ. ಜೋಡಿ ಕ್ರೋಮೋಸೋಮುಗಳ ನಡುವೆ ತುಂಡುಗಳ ಅದಲುಬದಲು ಬೇರೆ. ಆ ಮಕ್ಕಳು ತಮ್ಮತಮ್ಮಲ್ಲೇ ಮದುವೆಯಾದರೆ ಜೀನಿನ ಲೆಕ್ಕದಲ್ಲಿ ಅಣ್ಣ-ತಂಗಿಯ ಮದುವೆ. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಒಂದು ಜೀನಿನ ಎರಡೂ ಪ್ರತಿ ಒಬ್ಬ ಹಿರಿಯರ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ 1/8. ಇಲ್ಲಿ 1/4. ಮೂಲದ ಇಬ್ಬರಲ್ಲಿ ಯಾರೋ ಒಬ್ಬರಲ್ಲಿ ಅಡಗಿದ್ದ ಥಲಸ್ಸೀಮಿಯಾ (ರಕ್ತದ ಒಂದು ಆನುವಂಶಿಕ ಕಾಯಿಲೆ), ಹುಟ್ಟುಕಿವುಡು ಮೊಮ್ಮಕ್ಕಳಲ್ಲಿ ಹೊರಬೀಳಬಹುದು.

ಗೋವಿನಜೋಳ ಹಾಕುವ ಜಗಳೂರು ಕಡೆಯ ರೈತರನ್ನು ಕೇಳಿ, ಇದರ ಅರ್ಧ ಕಥೆ ಅವರೇ ಹೇಳುತ್ತಾರೆ. ಆರೇಳು ತಲೆಮಾರು ಸ್ವಪರಾಗಸ್ಪರ್ಶ ಮಾಡಿಸಿದ ಎರಡು ತಳಿ ಕೂಡಿಸಿದರೆ ಹೈಬ್ರಿಡ್. ಮೊದಲ ವರ್ಷ ಹೊಲವೆಲ್ಲ ಒಂದೇ ಎತ್ತರ. ಅದೇ ತೆನೆಯ ಕಾಳು ಮರುವರ್ಷ ಬಿತ್ತಿದರೆ ಒಂದು ಗಿಡ ಉದ್ದ, ಒಂದು ಗಿಡ್ಡ, ಇಳುವರಿಯೂ ಬೀಳುತ್ತದೆ. ಹಾಗಾಗಿ ಪ್ರತಿವರ್ಷ ಹೊಸ ಪಾಕೀಟು. ಏಕರೂಪ ತಾನಾಗಿ ಉಳಿಯುವುದಿಲ್ಲ, ಯಾರೋ ಕಾವಲು ನಿಂತು ಉಳಿಸಬೇಕು. ಬೀಜದ ತಾಕಿನಲ್ಲಿ ಹೆಣ್ಣು ಸಾಲಿನ ಗಂಡು ಹೂವನ್ನು, ಅದರ ಪರಾಗ ಅದಕ್ಕೇ ಬೀಳದಂತೆ, ಕೈಯಿಂದ ಕೀಳುತ್ತಾರೆ, ಬೇರೆ ಗೋವಿನಜೋಳದ ಹೊಲವನ್ನು ದೂರ ಇಡುತ್ತಾರೆ.

ನಿಮ್ಮ ಕಥೆಯ ಖಳ ವಿಜ್ಞಾನಿಯಲ್ಲ, ಆ ಕಾವಲಿನವನು. ಯಾರು ಯಾರನ್ನು ಮದುವೆಯಾಗಬಹುದು, ಯಾರಿಗೆ ಮಗು ಬೇಡ, ಯಾರ ಭ್ರೂಣ ಕಂಪನಿಯಿಂದಲೇ ಬರಬೇಕು ಎಂದು ಮೊಹರು ಒತ್ತುವ ಉಪನೋಂದಣಿ ಕಚೇರಿ. ವ್ಯಕ್ತಿತ್ವ ಕಳೆದುಹೋಗುವುದು ಆ ಕೌಂಟರಿನಲ್ಲಿ. ನನ್ನ ಮಟ್ಟಿಗೆ ಅದರಷ್ಟು ಭಯಂಕರವಾದ ಜಾಗ ಯಾವ ಪ್ರಯೋಗಾಲಯದಲ್ಲೂ ಇಲ್ಲ, ಏಕೆಂದರೆ ಅದಕ್ಕೆ ಹೊಸ ವಿಜ್ಞಾನವೇ ಬೇಡ.

ಸಮಯದ ಬಿಗಿಯೂ ಅಲ್ಲೇ ಸಿಗುತ್ತದೆ. ಬೀಜದ ತಾಕಿನ ಬೆರಕೆ ಗಿಡವನ್ನು ಪರಾಗ ಉದುರುವ ಮೊದಲೇ ಕೀಳಬೇಕು, ತಡವಾದರೆ ಸುತ್ತಲಿನ ತೆನೆಗಳೂ ಕೆಡುತ್ತವೆ. ಆ ಕಚೇರಿಗೂ ಅದೇ ಗಡುವು, ಬೆರಕೆ ಮಗುವನ್ನು ಅದು ಮೈನೆರೆಯುವ ಮೊದಲೇ ಗುರುತಿಸಬೇಕು. ಹತ್ತು ವರ್ಷದ ಹುಡುಗಿ ತಪಾಸಣೆಗೆ ಬರುವ ದಿನದಿಂದ ಕಥೆ ಶುರುಮಾಡಿ. ಅವಳ ಕಡತ ಓದುವ ಗುಮಾಸ್ತನೂ ಎರಡನೇ ತಲೆಮಾರಿನವನೇ ಆಗಿರಲಿ.