ಊಟ ತನ್ನಿಚ್ಛೆ, ಓಟ ಪರರಿಚ್ಛೆ

ಬೆಳಗ್ಗೆ ಆರೂ ಮುಕ್ಕಾಲು. ಎದುರುಮನೆಯವರು ತಮ್ಮ ಗೇಟಿನ ಮುಂದೆ ನಿಂತ ಕಾರಿಗೆ ಸುತ್ತು ಹಾಕುತ್ತಿದ್ದರು. ಮೈಯೆಲ್ಲ ಬೆವರು, ಕಣ್ಣು ಮಾತ್ರ ಮಣಿಕಟ್ಟಿನ ಮೇಲೆ. ಒಂದು ಸುತ್ತು, ಎರಡು ಸುತ್ತು, ಹನ್ನೊಂದು ಸುತ್ತು. ಕಾರಿಗೇನಾದರೂ ಹರಕೆ ಹೊತ್ತಿದ್ದೀರಾ ಅಂತ ಕೇಳೋಣ ಅನ್ನಿಸಿತು, ಕೇಳಲಿಲ್ಲ. ಆಮೇಲೆ ಅವರೇ ಹೇಳಿದರು. ಮನೆ ಮುಟ್ಟಿದಾಗ ವಾಚು 17.86 ಕಿಲೋಮೀಟರ್ ತೋರಿಸುತ್ತಿತ್ತಂತೆ. "18 ಆಗದೆ ಒಳಗೆ ಹೋಗೋಕಾಗುತ್ತಾ ಸಾರ್?"

ನೋಡಿ, ಹದಿನೆಂಟು ಕಿಲೋಮೀಟರ್ ಓಡುವ ತಾಕತ್ತು ಇರುವ ಮನುಷ್ಯನಿಗೆ ಹದಿನೇಳು ಚಿಲ್ಲರೆ ಓಡಿ ಸುಮ್ನೆ ಬಾಗಿಲು ತೆಗೆದು ಒಳಗೆ ಹೋಗುವ ತಾಕತ್ತು ಇಲ್ಲ.

ದೊಡ್ಡ ಊರಿನ ಮ್ಯಾರಥಾನ್ ಇನ್ನೂ ನಾಲ್ಕು ತಿಂಗಳು ದೂರವಿರುವಾಗಲೇ ಇದು ಶುರುವಾಗುತ್ತದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರಿಯರು ಹೇಳುತ್ತಿದ್ದರು. ಈಗ ಓಟವೂ ಪರರಿಚ್ಛೆ. ಊಟವಂತೂ ತನ್ನಿಚ್ಛೆಯಾಗಿ ಉಳಿದಿಲ್ಲ, ವಾಚು ಹೇಳಿದಷ್ಟು. ಓಡಿದರೆ ಸಾಲದು, ಓಡಿದ್ದಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿ ಸೊನ್ನೆಯಲ್ಲಿ ಮುಗಿದರೆ ಇನ್ನೂ ಚೆಂದ.

ತಮಾಷೆ ಏನು ಗೊತ್ತಾ, ಇಷ್ಟೆಲ್ಲ ದುಂಡು ಸಂಖ್ಯೆಯ ಹುಚ್ಚಿರುವವರು ಕೊನೆಗೆ ಓಡುವುದು 42.195 ಕಿಲೋಮೀಟರ್. ಇದಕ್ಕಿಂತ ಡೊಂಕಾದ ಸಂಖ್ಯೆ ಹುಡುಕಿದರೂ ಸಿಗುವುದಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಸುಮಾರು 40 ಕಿಲೋಮೀಟರ್ ಓಡಿಸಿದ್ದರು, ಯಾರೂ ತಕರಾರು ಮಾಡಿರಲಿಲ್ಲ. 1908ರಲ್ಲಿ ಲಂಡನ್ನಿನವರು ಓಟವನ್ನು ವಿಂಡ್ಸರ್ ಅರಮನೆಯಿಂದ ಶುರು ಮಾಡಿ, ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಸಬೇಕು ಅಂತ ಲೆಕ್ಕ ಹಾಕಿದರು. 26 ಮೈಲಿ, ಮೇಲೆ 385 ಗಜ. ಆ ವರ್ಷ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಸ್ಟೇಡಿಯಂ ಮುಟ್ಟಿ, ದಿಕ್ಕು ತಪ್ಪಿ, ಬಿದ್ದು, ಎದ್ದು, ಮತ್ತೆ ಬಿದ್ದ. ಅಯ್ಯೋ ಪಾಪ ಅಂತ ಅಧಿಕಾರಿಗಳು ಹಿಡಿದುಕೊಂಡು ಗೆರೆ ದಾಟಿಸಿದರು. ಬೇರೆಯವರ ನೆರವು ಪಡೆದ ಅಂತ ಚಿನ್ನ ಹೋಯಿತು. 1921ರಲ್ಲಿ ಅದೇ ದೂರವನ್ನೇ ಎಲ್ಲ ಕಡೆಗೂ ಕಾಯಂ ಮಾಡಿದರು. ದೊಡ್ಡವರ ಕುರ್ಚಿ ಎಲ್ಲಿತ್ತು ಅನ್ನುವುದರ ಮೇಲೆ ನಿಂತ ಅಳತೆಗೆ ಇವತ್ತು ಲಕ್ಷಾಂತರ ಜನ ಮಂಡಿ ತೇಯುತ್ತಿದ್ದಾರೆ, ಆ ಕೊನೆಯ 352 ಮೀಟರಿನಲ್ಲಿ ಬೈಯಲು ಸರಿಯಾದ ಹೆಸರೂ ಗೊತ್ತಿಲ್ಲದೆ.

ನಾನೂ ಹೆಸರು ಕೊಟ್ಟಿದ್ದೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು. ಸಿಗ್ನಲ್ಲಿನಲ್ಲಿ ನಿಂತಾಗ ವಾಚು ನಿಲ್ಲಿಸುವ ಜಾತಿ ನಾನು. ದೀಪ ಹಸಿರಾದ ಮೇಲೆ ಮತ್ತೆ ಒತ್ತಲು ಮರೆತು, ಎರಡು ಕಿಲೋಮೀಟರ್ ಲೆಕ್ಕಕ್ಕಿಲ್ಲದೆ ಓಡಿ, ಆ ದುಃಖದಲ್ಲಿ ಇಡೀ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡದ ಜಾತಿಯೂ ಹೌದು. ಕಾಲು ಓಡಿತ್ತು, ಉಸಿರು ಹೋಗಿ ಬಂದಿತ್ತು, ಬೆವರು ಇಳಿದಿತ್ತು. ಆದರೂ ಆ ಎರಡು ಕಿಲೋಮೀಟರ್ ನಡೆದೇ ಇಲ್ಲ.

ಈಚೆಗೆ ಓಟಗಾರರನ್ನು "ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಅಂತ ಕೇಳಿ ನೋಡಿ. "ತಾಳಿ, ನೋಡಿ ಹೇಳ್ತೀನಿ" ಅನ್ನುತ್ತಾರೆ. ವಾಚು ನಿದ್ದೆಗೆ ನೂರಕ್ಕೆ 62 ಅಂಕ ಅಂದರೆ ಮುಖ ಬಾಡುತ್ತದೆ. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದರು. ಕೆಲವು ವಾಚುಗಳಂತೂ ಬೆಳಗಿನ ಕತ್ತಲಲ್ಲಿ ಎದ್ದು ಒಂದೂವರೆ ಗಂಟೆ ಓಡಿ ಬಂದವನಿಗೆ "ನಿಮ್ಮ ತರಬೇತಿಯಿಂದ ಫಲವಿಲ್ಲ" ಅನ್ನುವ ಅರ್ಥದ ಮಾತನ್ನು ಯಾವ ಸಂಕೋಚವೂ ಇಲ್ಲದೆ ತೋರಿಸುತ್ತವೆ. ಮನೆಯವರು ಇದೇ ಮಾತನ್ನು ಪುಕ್ಕಟೆಯಾಗಿ ಹೇಳುತ್ತಿದ್ದರು. ಆಗ ಕೋಪ ಬರುತ್ತಿತ್ತು.

ಮಾತಿನ ವಿಷಯ ಬಂತಲ್ಲ. ಹೃದಯ ಬಡಿತಕ್ಕೆ ಐದು ವಲಯಗಳಿವೆ, ಅದರಲ್ಲಿ ಎರಡನೆಯದಕ್ಕೆ ಈಗ ಭಾರಿ ಬೇಡಿಕೆ. ಝೋನ್ ಟೂ. ಆರಾಮಾಗಿ ಮಾತಾಡುತ್ತಾ ಓಡುವಷ್ಟು ನಿಧಾನ ಅಂತ ಅದರ ಗುರುತು. ತಪ್ಪೇನಿಲ್ಲ, ಅನುಭವಸ್ಥರೂ ಹೆಚ್ಚಿನ ಓಟವನ್ನು ನಿಧಾನವಾಗಿಯೇ ಓಡುತ್ತಾರೆ. ಆದರೆ ಮಾತಾಡಬಹುದು ಅಂದಿದ್ದನ್ನು ಮಾತಾಡಲೇಬೇಕು ಅಂತ ತಿಳಿದುಕೊಂಡವರ ಪಕ್ಕದಲ್ಲಿ ಹತ್ತು ಕಿಲೋಮೀಟರ್ ಓಡಿ ನೋಡಿ. ಪೇಸ್ ಎಷ್ಟು, ಪಿಬಿ ಅಂದರೆ ಈವರೆಗಿನ ಒಳ್ಳೆಯ ಸಮಯ ಎಷ್ಟು, ಓಡುತ್ತಾ ನುಂಗುವ ಜೆಲ್ ಯಾವುದು, ಹೋದ ಸಲ 32ನೇ ಕಿಲೋಮೀಟರಿನಲ್ಲಿ ಶಕ್ತಿಯೆಲ್ಲ ಮುಗಿದು "ಗೋಡೆಗೆ" ಹೇಗೆ ಗುದ್ದಿದೆ... ನನ್ನ ಹೃದಯ ಎರಡನೇ ವಲಯದಿಂದ ನಾಲ್ಕಕ್ಕೆ ಹಾರುವುದು ಏರುರಸ್ತೆಯಲ್ಲಲ್ಲ, ಇಲ್ಲಿ.

ಇನ್ನು ಶೂ. 2017ರಲ್ಲಿ ನೈಕಿಯವರು ವೇಪರ್‌ಫ್ಲೈ ಅಂತ ಒಂದು ಶೂ ತಂದರು, ಹೆಸರಲ್ಲೇ 4 ಪರ್ಸೆಂಟ್ ಅಂತ ಇತ್ತು, ಓಡಲು ಬೇಕಾಗುವ ಶಕ್ತಿಯಲ್ಲಿ ಅಷ್ಟು ಉಳಿತಾಯ ಅಂತ. ದಪ್ಪ ನೊರೆಯ ಅಟ್ಟೆ, ಅದರೊಳಗೆ ಕಾರ್ಬನ್ ಹಲಗೆ. ಆಮೇಲೆ ಎಲ್ಲ ಕಂಪನಿಯವರೂ ಹಲಗೆ ಸಿಕ್ಕಿಸಿದರು. ಅಟ್ಟೆ ಬೆಳೆಯುತ್ತಾ ಹೋಗಿ, 2020ರಲ್ಲಿ ಓಟದ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟಕ್ಕೆ 40 ಮಿಲಿಮೀಟರಿಗಿಂತ ದಪ್ಪ ಬೇಡ ಅಂತ ಗೆರೆ ಎಳೆಯಬೇಕಾಯಿತು. ಈಗ ನಮ್ಮ ಎದುರುಮನೆಯವರ ಚಿಂತೆ ಏನೆಂದರೆ, ಅವರು ಕೊಂಡಿರುವ ಶೂ 40ರ ಒಳಗಿದೆಯಾ ಇಲ್ಲವಾ. ಸ್ಕೇಲು ತಂದು ಹಿಮ್ಮಡಿ ಅಳೆದರು. ನನ್ನ ಕೈಯಲ್ಲೂ ಅಳೆಸಿದರು. ಹೋದ ವರ್ಷ ಅವರು ಗೆರೆ ದಾಟಿದಾಗ ಅವರಿಗಿಂತ ಮುಂಚೆ ಹನ್ನೆರಡು ಸಾವಿರ ಜನ ದಾಟಿಯಾಗಿತ್ತು. ಇವರನ್ನು ಅನರ್ಹ ಮಾಡಲು ಯಾವ ದೇಶದ ಪರ ಯಾರು ಅರ್ಜಿ ಹಾಕುತ್ತಾರೋ ಕಾಣೆ.

1960ರಲ್ಲಿ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದಿದ್ದ, 2 ಗಂಟೆ 15 ನಿಮಿಷ ಚಿಲ್ಲರೆಯಲ್ಲಿ. 1964ರಲ್ಲಿ ಟೋಕಿಯೋಗೆ ಹೋಗುವ ಕೆಲವೇ ವಾರ ಮುಂಚೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಮತ್ತೆ ಗೆದ್ದ. ಗೆದ್ದ ಮೇಲೆ ಹುಲ್ಲಿನ ಮೇಲೆ ಮಲಗಿ ಕಾಲೆತ್ತಿ ವ್ಯಾಯಾಮ ಮಾಡಿದ. ಈ ಕತೆಯನ್ನು ನಮ್ಮ ಗುಂಪಿನಲ್ಲಿ ಒಮ್ಮೆ ಹೇಳಿದೆ. ಎಲ್ಲರೂ ಮೌನವಾಗಿ ಕೇಳಿದರು. ಆಮೇಲೆ ಒಬ್ಬರು, "ಆದರೆ ಅವನ ರಿಕವರಿ ಸ್ಕೋರ್ ಎಷ್ಟಿತ್ತು?" ಅಂದರು.

ಗುಂಪಿನ ಅರ್ಧ ಮಾತು ನೋವಿನದು. ಮೊದಲೆಲ್ಲ ಕಾಲು ನೋವು ಅಂದರೆ ಮುಗಿಯುತ್ತಿತ್ತು. ಈಗ ಅದಕ್ಕೆ ಐಟಿ ಬ್ಯಾಂಡ್, ಪ್ಲಾಂಟರ್ ಫ್ಯಾಶಿಯೈಟಿಸ್, ಶಿನ್ ಸ್ಪ್ಲಿಂಟ್ ಅಂತ ಪೂರ್ತಿ ಹೆಸರು ಹೇಳದಿದ್ದರೆ ಮರ್ಯಾದೆ ಇಲ್ಲ. ಕಪ್ಪಾದ ಕಾಲಿನ ಉಗುರಿನ ಫೋಟೋ ಬೆಳಗಿನ ತಿಂಡಿಯ ಹೊತ್ತಿಗೇ ಬರುತ್ತದೆ. ಎದುರುಮನೆಗೆ ಭಾನುವಾರ ಹೋದರೆ ಅವರ ಹೆಂಡತಿ ಬಾಗಿಲಲ್ಲೇ, "ಇದ್ದಾರೆ, ಆದರೆ ಕಾಲು ಐಸ್ ಬಕೆಟ್ಟಿನಲ್ಲಿದೆ, ಇನ್ನೂ ಎಂಟು ನಿಮಿಷ" ಅನ್ನುತ್ತಾರೆ. ಆ ಮನೆಯಲ್ಲಿ ಫ್ರಿಜ್ಜಿನ ಐಸೆಲ್ಲ ಖಾಲಿ, ಆಕೆಯ ತಾಳ್ಮೆ ಹೇಗೋ ಉಳಿದಿದೆ. ಮೂವತ್ತು ಕಿಲೋಮೀಟರಿನ ದಿನಗಳಲ್ಲಿ ಬೆಳಗಿನ ಜಾವ ಸ್ಕೂಟರಿನಲ್ಲಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ಹೋಗುವುದೂ ಆಕೆಯೇ. ಇದಕ್ಕೆ ಕಾರಣ ಕೀನ್ಯಾದ ಓಟಗಾರ ಕಿಪ್‌ಚೋಗೆ. 2019ರಲ್ಲಿ ವಿಯೆನ್ನಾದಲ್ಲಿ ಆತ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ ವೇಗ ಕಾಯ್ದುಕೊಡಲು ಸುತ್ತ ಸರದಿಯ ಮೇಲೆ ಓಡುವ 41 ಪೇಸರುಗಳು, ಮುಂದೆ ರಸ್ತೆಗೆ ಲೇಸರ್ ಗೆರೆ ಬಿಡುವ ಕಾರು, ನೀರು ತಂದುಕೊಡಲು ಸೈಕಲ್ಲು, ಎಲ್ಲ ಇತ್ತು. ಹಾಗಿದ್ದುದರಿಂದಲೇ ಅದನ್ನು ದಾಖಲೆಯ ಪಟ್ಟಿಗೆ ಸೇರಿಸಲಿಲ್ಲ. ಎದುರುಮನೆಯವರು ಆ ವಿಡಿಯೋ ನೋಡಿ ಕಲಿತದ್ದು ಸೈಕಲ್ಲಿನ ಭಾಗ ಮಾತ್ರ.

ಮಂಡಿ ನೋವಿಗೆ ಅವರು ಕಂಡುಕೊಂಡ ಕಾರಣ ಕೇಳಿ ನಾನು ಕೈಮುಗಿದೆ. ನೀರು ಹರಿದುಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರುತ್ತಾರಲ್ಲ, ಒಂದೇ ಬದಿಯಲ್ಲಿ ಓಡಿದ್ದರಿಂದ ಒಂದು ಕಾಲಿಗೆ ಭಾರ ಜಾಸ್ತಿ ಬಿದ್ದಿದೆಯಂತೆ. ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇದೆಯಲ್ಲ, ಆ ಪಾಪದ ಹೆಂಗಸಿನ ಮಾತಿಗೆ ಕೊನೆಗೂ ವೈಜ್ಞಾನಿಕ ಆಧಾರ ಸಿಕ್ಕಿತು. ವಾರಕ್ಕೆ ಮೂರು ದಿನ ಓಡುತ್ತಿದ್ದವರು ಒಮ್ಮೆಲೇ ಆರು ದಿನ ಓಡಿದ್ದರು ಅನ್ನುವುದು ಬೇರೆ ವಿಷಯ. ಅದಕ್ಕೆ ಇಂಗ್ಲಿಷ್ ಹೆಸರಿಲ್ಲದ್ದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಾಕ್ಷಿ ಮುಖ್ಯವಾದ ಮೇಲೆ ಓಟ ಯಾಕೆ ಬೇಕು ಅಂತ ಕೆಲವರಿಗೆ ಹೊಳೆಯದೇ ಇರುತ್ತದೆಯೇ? ಹಿಂದೆಯೂ ಕಳ್ಳಾಟ ಇತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಫ್ರೆಡ್ ಲೋರ್ಜ್ ಅನ್ನುವವನು ಅರ್ಧ ದಾರಿಯನ್ನು ಹತ್ತಿರ ಹತ್ತಿರ ಕಾರಿನಲ್ಲೇ ಕಳೆದು, ಕೊನೆಗೆ ಇಳಿದು ಓಡಿ ಬಂದ, ಮೊದಲಿಗನೆಂದು ಚಪ್ಪಾಳೆ ಗಿಟ್ಟಿಸಿದ. 1980ರ ಬಾಸ್ಟನ್ ಮ್ಯಾರಥಾನಿನಲ್ಲಿ ರೋಸಿ ರೂಯಿಸ್ ಅನ್ನುವಾಕೆ ಹೆಂಗಸರಲ್ಲಿ ಮೊದಲಿಗಳಾಗಿ ಬಂದಳು, ಮೈಯಲ್ಲಿ ಬೆವರೇ ಇರಲಿಲ್ಲ. ಓಟದ ಕೊನೆಯ ಹತ್ತಿರ ಎಲ್ಲೋ ಗುಂಪಿನೊಳಗೆ ನುಗ್ಗಿದ್ದಳು ಅಂತ ಗೊತ್ತಾಗಿ ಪಟ್ಟ ಕಿತ್ತುಕೊಂಡರು. ಅವರನ್ನು ಒಂದು ಲೆಕ್ಕದಲ್ಲಿ ಮೆಚ್ಚಬೇಕು. ಮೋಸ ಮಾಡಿದರೂ ಗೆಲ್ಲಲಿಕ್ಕೆ ಮಾಡಿದರು. 2017ರಲ್ಲಿ ಮೆಕ್ಸಿಕೋ ನಗರದ ಮ್ಯಾರಥಾನಿನಲ್ಲಿ ಸುಮಾರು 6,000 ಜನರನ್ನು ಅನರ್ಹ ಮಾಡಿದರು, ದಾರಿ ಪೂರ್ತಿ ಓಡಿಲ್ಲ ಅಂತ. ಆರು ಸಾವಿರ! ಇವರಲ್ಲಿ ಯಾರೂ ಗೆಲ್ಲುವವರಲ್ಲ, ಯಾರೂ ಇವರನ್ನು ಓಡು ಅಂದವರಲ್ಲ. ಹದಿನೈದು ಸಾವಿರದನೆಯ ಸ್ಥಾನವನ್ನು ಕದಿಯಲು ಹೊರಟವರು. ಮರುವರ್ಷ ಚೀನಾದ ಶೆನ್‌ಝೆನ್ ಹಾಫ್ ಮ್ಯಾರಥಾನಿನಲ್ಲಿ 258 ಜನ ಸಿಕ್ಕಿಬಿದ್ದರು, ಹೆಚ್ಚಿನವರು ಹೋಗಿ ತಿರುಗಿ ಬರುವ ರಸ್ತೆಯ ನಡುವಿನ ಪೊದೆಗಿಡಗಳನ್ನು ದಾಟಿ ಆಚೆ ಬದಿಗೆ ಹಾರಿದವರು. ದಾರಿಯ ಕ್ಯಾಮೆರಾದಲ್ಲಿ ಎಲ್ಲ ಚೊಕ್ಕಟವಾಗಿ ಕಂಡಿತು. ಸಾಕ್ಷಿಗಾಗಿ ಹಾರಿದವರಿಗೆ ಸಾಕ್ಷಿಯಂತೂ ಸಿಕ್ಕಿತು.

2024ರಲ್ಲಿ ಇಂಡೋನೇಷ್ಯಾದಿಂದ ಬಂದ ಸುದ್ದಿ ಎಲ್ಲಕ್ಕೂ ಮೇಲು. ಸ್ಟ್ರಾವಾ ಅಂದರೆ ಓಟದ ಲೆಕ್ಕವನ್ನು ಗೆಳೆಯರಿಗೆ ತೋರಿಸುವ ಆ್ಯಪ್, ಅಲ್ಲಿ ಸ್ಟ್ರಾವಾ ಜಾಕಿಗಳು ಅಂತ ಇದ್ದಾರೆ. ನೀವು ದುಡ್ಡು ಕೊಟ್ಟರೆ ನಿಮ್ಮ ಖಾತೆಯಲ್ಲಿ ಅವರು ಓಡುತ್ತಾರೆ. ನೀವು ಮನೆಯಲ್ಲಿ ಹೊದ್ದು ಮಲಗಿರಬಹುದು, ಗೆಳೆಯರಿಂದ ಶಹಬ್ಬಾಸ್ ಬರುತ್ತಿರುತ್ತದೆ. ನಕ್ಕುಬಿಡಬಹುದು, ಆದರೆ ಕಾರಿಗೆ ಹನ್ನೊಂದು ಸುತ್ತು ಹಾಕುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಬೇಕಾದದ್ದು ಏನು ಅನ್ನುವುದರಲ್ಲಿ ಅವರಿಗೆ ಗೊಂದಲ ಇಲ್ಲ.

ಕೊನೆಯ ಎರಡು ಮೂರು ವಾರಕ್ಕೆ ಟೇಪರ್ ಅನ್ನುತ್ತಾರೆ. ಓಟ ಕಡಿಮೆ ಮಾಡಿ ಮೈಗೆ ವಿಶ್ರಾಂತಿ ಕೊಡುವ ಕಾಲ. ವಿಶ್ರಾಂತಿ ಮೈಗೆ ಮಾತ್ರ. ಸೀನಿದವರನ್ನು ಕಂಡರೆ ಎದುರುಮನೆಯವರು ರಸ್ತೆ ದಾಟಿದರು. ಮೆಟ್ಟಿಲನ್ನು ಕಂಬಿ ಹಿಡಿದು ಇಳಿದರು. ಹತ್ತು ದಿನ ಮುಂಚಿನಿಂದ ಗಂಟೆಗೊಮ್ಮೆ ಹವಾಮಾನ ನೋಡಿದರು, ನೋಡುತ್ತಾ ಇದ್ದರೆ ಮೋಡಕ್ಕೆ ನಾಚಿಕೆಯಾಗಿ ಚದುರುತ್ತದೆ ಅನ್ನುವ ಹಾಗೆ. ಮೈಯಲ್ಲಿ ಸಂಗ್ರಹವಾಗುವ ಗ್ಲೈಕೋಜನ್, ಅಂದರೆ ಓಟದ ಇಂಧನ, ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತಾ ಬರುತ್ತದೆ, ಅದಕ್ಕೇ ಕೊನೆಯ ಎರಡು ಮೂರು ದಿನ ಹಿಟ್ಟಿನಂಶ ಜಾಸ್ತಿ ತಿನ್ನಿ ಅನ್ನುತ್ತಾರೆ. ಅವರು ನಾಲ್ಕೂ ತಿಂಗಳು ತಿಂದಿದ್ದರು. ಮುಂಜಾಗ್ರತೆ.

ಓಟದ ದಿನದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಕತ್ತಲಲ್ಲಿ ಶೌಚಾಲಯದ ಸಾಲು, ಆಮೇಲೆ ಜನಸಾಗರ, ಆಮೇಲೆ ನೋವು. ನಾನು ಹೇಗೋ ಮುಗಿಸಿದೆ. ಸಮಯ ಹೇಳುವುದಿಲ್ಲ.

ಎರಡು ದಿನ ಬಿಟ್ಟು ಎದುರುಮನೆಯವರ ಫೋಟೋ ಬಂತು. ಗೆರೆ ದಾಟುವ ಕ್ಷಣ. ನಾಲ್ಕು ತಿಂಗಳು ಕಾದ ಕ್ಷಣದಲ್ಲಿ ತಲೆ ಬಗ್ಗಿದೆ, ಬಲಗೈ ಬೆರಳು ಎಡಗೈ ವಾಚಿನ ಮೇಲಿದೆ, ಮುಖ ಕಾಣುತ್ತಿಲ್ಲ. ನೆತ್ತಿ ಸ್ಪಷ್ಟವಾಗಿ ಬಂದಿದೆ. ಅವರ ಹೆಂಡತಿ ಬಹಳ ಹೊತ್ತು ನೋಡಿ, "ಬಸ್ಸು ತಡವಾದ ಹಾಗೆ ನಿಂತಿದ್ದೀರಿ" ಅಂದರು. ಹಿಂದೆ ಮುಂದೆ ಇದ್ದವರೆಲ್ಲ ಅದೇ ಬಸ್ಸಿಗೆ ಕಾಯುತ್ತಿದ್ದರು.

"4 ಗಂಟೆ 33 ನಿಮಿಷ 8 ಸೆಕೆಂಡ್. ಆದರೆ ನಿಜವಾಗಿ ನನ್ನದು 4.30ರ ಒಳಗೆ ಸಾರ್," ಅಂದರು. ವಾಚು ತೋರಿಸಿದರು. 42.71. "ದಾರಿಯನ್ನೇ ಅರ್ಧ ಕಿಲೋಮೀಟರ್ ಉದ್ದ ಇಟ್ಟಿದ್ದಾರೆ. ಬರೆದು ಹಾಕ್ತೀನಿ."

ದಾರಿಯನ್ನು ಸೈಕಲ್ಲಿನ ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿ, ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ, ಕಮ್ಮಿ ಬೀಳದಿರಲಿ ಅಂತ ಕಿಲೋಮೀಟರಿಗೆ ಒಂದು ಮೀಟರ್ ಜಾಸ್ತಿಯೇ ಇಡುತ್ತಾರೆ, ಅಷ್ಟು ಮಾಡಿದರೂ 42 ಮೀಟರ್ ಮಾತ್ರ, ಉಳಿದದ್ದು ನೀವು ನೀರಿನ ಮೇಜಿಗೆ ಆಚೆ ಈಚೆ ಓಡಾಡಿದ್ದು, ತಿರುವಿನಲ್ಲಿ ಹೊರಗಿನಿಂದ ಸುತ್ತಿದ್ದು, ಎತ್ತರದ ಕಟ್ಟಡಗಳ ನಡುವೆ ವಾಚಿಗೆ ದಿಕ್ಕು ತಪ್ಪಿದ್ದು ಅಂತ ನಾನು ಒಂದೇ ಉಸಿರಲ್ಲಿ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೊರಳಲ್ಲಿ ಮೆಡಲ್ ಇನ್ನೂ ಇತ್ತು. ವಾಚನ್ನೇ ನೋಡುತ್ತಿದ್ದರು.

"42.71," ಅಂದರು ಮತ್ತೆ, ಈ ಸಲ ಮೆಲ್ಲಗೆ. "ಇನ್ನು 290 ಮೀಟರ್ ಇತ್ತು ಅಷ್ಟೇ ಸಾರ್, 43 ಆಗೋಕೆ. ಗೆರೆ ದಾಟಿದ ಮೇಲೆ ಅಲ್ಲೇ ಒಂದೆರಡು ಸುತ್ತು ಹಾಕೋಣ ಅಂದ್ಕೊಂಡೆ. ಮೆಡಲ್ ಹಾಕೋರು ಅಡ್ಡ ನಿಂತುಬಿಟ್ಟರು."