ಗಟ್ಟಿಂಗ್ ಯಾರ್ದೋ, ಬೋರ್ಡ್ ಯಾರ್ದೋ

ಟೆನಿಸ್ ಆಟಗಾರ ಜೊಕೊವಿಚ್ ಸರ್ವ್ ಮಾಡೋಕ್ ಮುಂಚೆ ಬಾಲ್ ಕುಟ್ತಾನಲ್ಲ, ಹತ್ತು ಸಲ ಹದಿನೈದು ಸಲ, ಆ ಹೊತ್ತಲ್ಲಿ ನೋಡಕ್ಕೆ ಬೇರೇನೂ ಇಲ್ದೆ ಅವನ ರಾಕೆಟ್ಟೇ ನೋಡ್ತಾ ಕೂತಿದ್ದೆ. ಗಟ್ಟಿಂಗ್, ಅಂದ್ರೆ ರಾಕೆಟ್ಟಿನ ತಂತಿ ಬಲೆ, ಅದರ ಮೇಲೆ ರಾಕೆಟ್ ಮಾಡೋ ಹೆಡ್ ಕಂಪನಿ ಲೋಗೋ, ಅಂಗೈ ಅಗಲ. ಆದ್ರೆ ಟೆನಿಸ್ ಹುಚ್ಚರಿಗೆಲ್ಲ ಗೊತ್ತಿರೋ ವಿಷ್ಯ ಏನಪ್ಪಾ ಅಂದ್ರೆ ವರ್ಷಗಳಿಂದ ಅವನ ಗಟ್ಟಿಂಗಲ್ಲಿ ಉದ್ದದ ಎಳೆ ಫ್ರಾನ್ಸಿನ ಬಬೊಲಾಟ್‌ದು, ಅಡ್ಡದ ಎಳೆ ಬೆಲ್ಜಿಯಂನ ಲಕ್ಸಿಲಾನ್‌ದು. ಅಕ್ಕಿ ಒಬ್ರದು, ಉದ್ದು ಇನ್ನೊಬ್ರದು, ದೋಸೆ ಮೇಲೆ ಹೆಸ್ರು ಮಾತ್ರ ಹಂಚು ಮಾಡಿದೋನದು. ಹಾಗಂತ ಹೆಡ್‌ನೋರ ಹತ್ರ ಸ್ಟ್ರಿಂಗ್ ಇಲ್ವಾ ಅಂದ್ರೆ ಇದೆ, ಅವ್ರೂ ಮಾಡ್ತಾರೆ, ಮಾರ್ತಾರೆ, ನಾವು ನೀವು ಹೋಗಿ ತಗೋತೀವಿ. ಜಾಹೀರಾತಿನ ಮುಖದೋನು ಮಾತ್ರ ಬೇರೆ ಅಂಗಡೀಲಿ ಖಾತೆ ಇಟ್ಟಿದ್ದಾನೆ.

ಬಬೊಲಾಟ್‌ನೋರು 1875ರಲ್ಲಿ ಲಿಯೋನ್ ಊರಲ್ಲಿ ಕುರಿ ಕರುಳಿಂದ ಟೆನಿಸ್ ತಂತಿ ಹೊಸೆಯಕ್ಕೆ ಶುರು ಮಾಡಿದೋರು. ಈಗ್ಲೂ ನ್ಯಾಚುರಲ್ ಗಟ್ ಅಂದ್ರೆ ಕರುಳೇ, ಕುರಿ ಬದ್ಲು ದನದ್ದು ಅಷ್ಟೆ. ಸ್ಪಾನ್ಸರ್ ಎಷ್ಟೇ ಕೋಟಿ ಸುರಿದ್ರೂ ಕರುಳಿನ ಸಂಬಂಧ ಬಿಡಕ್ಕಾಗಲ್ಲ ನೋಡಿ.

ಇನ್ನೂ ಮಜಾ ವಿಂಬಲ್ಡನ್‌ದು. ಅಲ್ಲಿ ಬಟ್ಟೆ ಬಿಳಿ ಅಂದ್ರೆ ಬಿಳಿ, ಕೆನೆ ಬಣ್ಣ ನಡೆಯಲ್ಲ, ಕಾಲರ್ ಅಂಚಲ್ಲಿ ಬಣ್ಣದ ಪಟ್ಟಿ ಇದ್ರೆ 1 ಸೆಂಟಿಮೀಟರ್ ದಾಟಂಗಿಲ್ಲ, ಬೆವರಿಗೆ ಒಳಬಟ್ಟೆ ಕಂಡ್ರೆ, ಹೆಂಗಸ್ರ ಒಳಚಡ್ಡಿಗೆ 2023ರಿಂದ ಕೊಟ್ಟಿರೋ ವಿನಾಯಿತಿ ಬಿಟ್ರೆ, ಅದೂ ಬಿಳಿ ಇರ್ಬೇಕು. 2013ರಲ್ಲಿ ಫೆಡರರ್ ಶೂ ಅಟ್ಟೆ ಕಿತ್ತಳೆ ಬಣ್ಣದ್ದು ಅಂತ ಮುಂದಿನ ಮ್ಯಾಚ್‌ಗೆ ಬೇರೆ ಶೂ ಹಾಕ್ಕೊಂಡು ಬಾ ಅಂದ್ರು, ಏಳು ಸಲ ಗೆದ್ದ ಮನುಷ್ಯನಿಗೆ ರೀ, ಅದೂ ಅಟ್ಟೆಗೆ, ನೆಲಕ್ಕೆ ಅಂಟಿಕೊಂಡಿರೋ ಅಟ್ಟೆಗೆ! ಆದ್ರೆ ಅದೇ ಕೈಯಲ್ಲಿರೋ ರಾಕೆಟ್ ಮೇಲೆ ಅಂಗೈ ಅಗಲ ಲೋಗೋ ಬಳ್ಕೊಂಡು ಬಂದ್ರೆ ಯಾರೂ ಸ್ಕೇಲ್ ಹಿಡ್ಕೊಂಡು ಬರಲ್ಲ. ಮಡಿ ಎಲ್ಲಾ ಮೈಗೆ ಮಾತ್ರ.

ಪಾಯಿಂಟ್ ಮುಗಿದ್ಮೇಲೆ ಆಟಗಾರ್ರು ಸ್ಟ್ರಿಂಗ್ ಒಂದೊಂದೇ ಬೆರಳಲ್ಲಿ ಸರಿ ಮಾಡ್ಕೋತಾರಲ್ಲ, ಕ್ಯಾಮೆರಾದೋನು ಕಾಯ್ತಿರೋದೇ ಅದಕ್ಕೆ, ಲೋಗೋ ಪೂರ್ತಿ ಸ್ಕ್ರೀನ್ ತುಂಬತ್ತೆ. ಕರುಳಿನ ತಂತಿ ಆದ್ರೆ ಜಾರತ್ತೆ, ಸರಿ ಮಾಡ್ಬೇಕು, ಒಪ್ಕೋತೀನಿ. ಪಾಲಿಯೆಸ್ಟರ್ ತಾನೇ ವಾಪಸ್ ಜಾಗಕ್ಕೆ ಬರತ್ತೆ, ಆದ್ರೂ ಸರಿ ಮಾಡ್ತಾರೆ, ಸೋತಾಗಂತೂ ಇನ್ನೂ ಜಾಸ್ತಿ ಸರಿ ಮಾಡ್ತಾರೆ. ಕುಣಿಲಾರದೋಳಿಗೆ ನೆಲ ಡೊಂಕು, ಇವ್ರಿಗೆ ತಂತಿ ಡೊಂಕು.

ಇರ್ಲಿ, ಅವ್ರಿಗೆ ದುಡ್ಡು ಬರತ್ತೆ, ಬಳ್ಕೋತಾರೆ. ನನ್ನ ಸಂಕಟ ನಮ್ಮ ಅಪಾರ್ಟ್‌ಮೆಂಟ್‌ದು. ನಮ್ಮ ಕೊಡಗಿನ ಬೋಪಣ್ಣ 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದಾಗಿಂದ ಬೆಂಗಳೂರಲ್ಲಿ 43 ದಾಟಿದ, ಮಂಡಿ ನೋವಿರೋ ಪ್ರತಿಯೊಬ್ಬನಿಗೂ ಇನ್ನೂ ಟೈಮಿದೆ ಅನ್ನೋ ಭ್ರಮೆ ಹತ್ಕೊಂಡಿದೆ, ನಂಗೂ ಸೇರ್ಸಿ. ಬಿ ಬ್ಲಾಕ್ ರಾಯರು ಹೋದ ತಿಂಗಳು ವಿಲ್ಸನ್ ಕಂಪನಿ ಡಬ್ಲ್ಯು ಲೋಗೋದ ಸ್ಟೆನ್ಸಿಲ್, ಅಂದ್ರೆ ಅಕ್ಷರದ ಆಕಾರ ಕೊರೆದ ಹಾಳೆ, ತರ್ಸಿದ್ರು, ಜೊತೆಗೆ ಸ್ಪಾಂಜ್ ಮೂತಿಯ ಕಪ್ಪು ಇಂಕ್ ಬಾಟ್ಲು. ಭಾನುವಾರ ಬೆಳಗ್ಗೆ ಆರಕ್ಕೆ ಕೋರ್ಟ್ ಬೆಂಚ್ ಮೇಲೆ ಪೇಪರ್ ಹಾಸಿ, ಅದರ ಮೇಲೆ ರಾಕೆಟ್ ಮಲಗ್ಸಿ, ಸ್ಟೆನ್ಸಿಲ್ ಇಟ್ಟು, ಉಸಿರು ಬಿಗಿ ಹಿಡ್ಕೊಂಡು ಒಂದೊಂದು ಎಳೆಗೂ ಒತ್ತಿ ಒತ್ತಿ ಬಳೀತಿದ್ರು, ಮಗುಗೆ ದೃಷ್ಟಿಬೊಟ್ಟು ಇಡೋ ಹಾಗೆ. ನಾಲ್ಕು ಜನ ವಾರ್ಮಪ್ ಬಿಟ್ಟು ನಿಂತ್ಕೊಂಡು ನೋಡಿದ್ವಿ. ಆಮೇಲೆ ಒಣಗೋಕೆ ಕಾಯ್ಬೇಕಲ್ವಾ, ಕಾಯ್ಲಿಲ್ಲ. ಮೊದಲ್ನೇ ಗೇಮ್ ಮುಗಿಯೋ ಹೊತ್ತಿಗೆ ಹೊಸ ಡಬ್ಬಿಯ ಮೂರೂ ಬಾಲ್‌ಗೆ ಕಾಡಿಗೆ ಬಳ್ದಂಗಾಗಿತ್ತು, ನನ್ನ ಟೀ ಶರ್ಟ್ ಮೇಲೂ ಅರ್ಧ ಡಬ್ಲ್ಯು.

"ಏನ್ ರಾಯರೇ, ಕಂಪನಿಯೋರು ಎಷ್ಟು ಕೊಡ್ತಾರೆ?" ಅಂದೆ.

"ಕೊಡೋದೇನ್ ಬಂತು, ಬಾಟ್ಲಿಗೆ ನಾನೇ ಕೊಟ್ಟೆ. ನೋಡಿ, ಸ್ವಿಂಗಲ್ಲಿ ಒಂಥರಾ ತೂಕ ಬಂತು" ಅಂದ್ರು. ಇಂಕಿಂದ ತೂಕ!

ಅವ್ರು ಡಬ್ಲ್ಯು ಆರ್ಸ್ಕೊಂಡಿದ್ದು ಜಾಣತನಾನೇ. ಇಂಕ್ ಎಳೆ ಸುತ್ತ ಹಿಂದಕ್ಕೂ ಇಳಿಯತ್ತೆ, ಡಬ್ಲ್ಯು ಆದ್ರೆ ಹಿಂದಿಂದ ನೋಡಿದ್ರೂ ಡಬ್ಲ್ಯುನೇ. ಪ್ರಿನ್ಸ್‌ನೋರ ಪಿ ಹಾಕ್ಕೊಂಡ್ರೆ ಬ್ಯಾಕ್‌ಹ್ಯಾಂಡ್ ಹೊಡೆಯೋವಾಗ ತಲೆಕೆಟ್ಟೋನ ತರ ಆ ಕಡೆ ತಿರುಗಿ ನಿಂತಿರತ್ತೆ. ನಾನೂ ಕನ್ನಡ ಅಕ್ಷರ ಒಂದು ಹಾಕ್ಕೊಳಣ ಅಂತ ಯೋಚ್ನೆ ಮಾಡ್ದೆ. ಕ ಆಗಲ್ಲ, ರ ಆಗಲ್ಲ, ನಮ್ಮ ಲಿಪೀಲಿ ತಲೆಕಟ್ಟು ಕೊಂಬು ಎಲ್ಲಾ ಒಂದೇ ಕಡೆಗೆ ವಾಲಿರತ್ತೆ. ಎರಡೂ ಕಡೆಯಿಂದ ಒಂದೇ ತರ ಕಾಣೋದು ಅಂದ್ರೆ ಕೊನೆಗೆ ಉಳಿದಿದ್ದು ಸೊನ್ನೆ.

ಹಳೇ ಫೈಲ್ ರಟ್ಟಲ್ಲಿ ಕಾಫಿ ಲೋಟ ಇಟ್ಟು ಗುಂಡಗೆ ಕತ್ತರಿಸಿ, ರಾಯರ ಇಂಕಲ್ಲೇ ಬಳ್ದೆ. ಈ ಸಲ ರಾತ್ರಿಯಿಡೀ ಫ್ಯಾನ್ ಕೆಳಗೆ ಒಣಗ್ಸಿದೀನಿ. ಬೆಳಗ್ಗೆ ಆಡಿ ಮನೆಗ್ ಬಂದ್ರೆ ಇವಳು ಕಾಫಿ ಬೆರೆಸ್ತಾ, "ಎಷ್ಟಾಯ್ತು ರೀ ಇವತ್ತು?" ಅಂದ್ಲು.

"ರಾಯರು ಆರು."

"ನಿಮ್ದು?"

ರಾಕೆಟ್ ಎತ್ತಿ ತೋರ್ಸ್ದೆ.