ವೀಸಾ ಇದ್ದರೆ ಫುಟ್‌ಪಾತ್ ತಿಂಡಿ ರುಚಿ

ಮತ್ತೆ ಜಪಾನಿನ ಫುಕುವೋಕಾ! ಫೋನ್ ತೆರೆದರೆ ಸಾಕು, ನಕಾ ನದಿಯ ದಂಡೆ, ಸಾಲಾಗಿ ದೀಪ ಹಚ್ಚಿಕೊಂಡ ಯತಾಯಿ ಎಂಬ ಫುಟ್‌ಪಾತ್ ತಿಂಡಿ ಗಾಡಿಗಳು, ಒಳಗೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಸೊರ್ರೆಂದು ರಾಮೆನ್ (ಸಾರಿನಲ್ಲಿ ಮುಳುಗಿಸಿದ ನೂಡಲ್ಸು) ಹೀರುತ್ತಿರುವ ನಮ್ಮವರು. “ಟೋಕಿಯೊ ಬಿಡಿ ಸಾರ್, ಬರೀ ಗಡಿಬಿಡಿ. ಫುಕುವೋಕಾ ಆರಾಮ್. ಹೋಗೋದು, ತಿನ್ನೋದು, ಬರೋದು.”

ಆರಾಮವಂತೆ. ವಿಮಾನ ನಿಲ್ದಾಣದಿಂದ ಹಕಾಟಾ ಸ್ಟೇಷನ್ನಿಗೆ ಸಬ್‌ವೇಯಲ್ಲಿ ಎರಡೇ ಸ್ಟಾಪು, ಐದಾರು ನಿಮಿಷ. ಅಷ್ಟರೊಳಗೆ ಪಟ್ಟಿ ರೆಡಿ. ಬೆಳಿಗ್ಗೆ ಉದೊನ್ ಎಂಬ ದಪ್ಪ ನೂಡಲ್ಸು, ಮಧ್ಯಾಹ್ನ ರಾಮೆನ್, ಸಂಜೆ ದಝೈಫು ದೇವಸ್ಥಾನದ ಬೀದಿಯಲ್ಲಿ ಬಿಸಿ ಬಿಸಿ ಉಮೆಗಾಯೆ ಮೋಚಿ ಎಂಬ ಅಕ್ಕಿ ಸಿಹಿ (ದೇವರಿಗೆ ಕೈ ಮುಗಿದರೋ ಇಲ್ಲವೋ, ವಿಡಿಯೊದಲ್ಲಿ ಇಲ್ಲ), ರಾತ್ರಿ ಯತಾಯಿ. ಬಾಡಿಗೆಗೆ ಬಂದವರನ್ನು “ಮೊಟ್ಟೆ ತಿಂತೀರಾ?” ಎಂದು ವಿಚಾರಿಸಿ ಆಮೇಲೆ ಅಡ್ವಾನ್ಸ್ ಮುಟ್ಟುವ ಮನುಷ್ಯ, ಗಂಟೆಗಟ್ಟಲೆ ಕುದಿಸಿದ ಹಂದಿ ಮೂಳೆಯ ಸಾರನ್ನು ಬಟ್ಟಲೆತ್ತಿ ಕುಡಿದು “ಎಷ್ಟು ಕ್ರೀಮಿ!” ಅನ್ನುತ್ತಾನೆ.

ಆ ರಾಮೆನ್ನಿನದೂ ಒಂದು ಕತೆ. ಅದೇ ಊರಿನ ನಗಹಾಮಾ ಮೀನು ಮಾರುಕಟ್ಟೆಯವರಿಗೆ ಕೂತು ತಿನ್ನಲು ಪುರುಸೊತ್ತಿರಲಿಲ್ಲ. ಬೇಗ ಬೇಯಲಿ ಎಂದು ನೂಡಲ್ಸನ್ನು ತೆಳ್ಳಗೆ ಮಾಡಿದರು. ತೆಳ್ಳಗಿದ್ದದ್ದು ಸಾರಿನಲ್ಲಿ ಮೆತ್ತಗಾಗುತ್ತದೆ ಅಂತ ಮೊದಲು ಸ್ವಲ್ಪವೇ ಹಾಕಿ, ಖಾಲಿಯಾದರೆ ಅದೇ ಸಾರಿಗೆ ಇನ್ನೊಂದು ಹಿಡಿ ಹಾಕುವ ಕಾಯೆದಮಾ ಪದ್ಧತಿ ತಂದರು. ಅವಸರದವರಿಗೆಂದು ಹುಟ್ಟಿದ ಈ ಊಟಕ್ಕೆ ಈಗ ರಜೆಯಲ್ಲಿರುವವರು ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಾರೆ. ನಿಂತು, ನೂಡಲ್ಸು ತಂತಿಯಷ್ಟು ಗಟ್ಟಿ ಇರಬೇಕೋ ಅದಕ್ಕಿಂತ ಒಂಚೂರು ಮೆತ್ತಗೋ ಎಂದು ಚರ್ಚಿಸುತ್ತಾರೆ. ಮನೆಯಲ್ಲಿ ಶ್ಯಾವಿಗೆ ಒಂದಿಷ್ಟು ಬೇಯದಿದ್ದರೆ ತಟ್ಟೆ ತಳ್ಳುವ ಜನ.

ಹೋಗಲಿ, ತಿನ್ನಲಿ. ನನಗೆ ಇವರಿಗಿಂತ ಮೆಚ್ಚುಗೆಯಾದದ್ದು ಅಲ್ಲಿನ ಆಡಳಿತ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೈಯಲ್ಲೇನೂ ಇಲ್ಲದವರು ತಳ್ಳಿಕೊಂಡು ಬಂದು ನಿಲ್ಲಿಸಿದ ಅಂಗಡಿಗಳು ಈ ಯತಾಯಿ. 1960ರ ದಶಕದಲ್ಲಿ 400ಕ್ಕೂ ಹೆಚ್ಚಿದ್ದವು. ಆಮೇಲೆ ಶುರುವಾಯಿತು ದೂರು: ದಾರಿಗೆ ಅಡ್ಡ, ಕೊಳೆ ನೀರು, ವಾಸನೆ, ಗಲಾಟೆ. 1990ರ ದಶಕದಲ್ಲಿ ಅಧಿಕಾರಿಗಳು ಶಾಂತವಾಗಿ ಒಂದು ತೀರ್ಮಾನಕ್ಕೆ ಬಂದರು. ಹೊಸಬರಿಗೆ ಪರವಾನಗಿ ಇಲ್ಲ, ಇರುವವರದು ಅವರ ತಲೆಗೇ ಮುಗಿಯಲಿ. ಒಡೆಯುವುದಿಲ್ಲ, ಎತ್ತಿಹಾಕುವುದಿಲ್ಲ, ಮುದುಕರು ಸಾಯುವವರೆಗೆ ಕಾಯುವುದು. ಎಂಥ ಸಭ್ಯ ಊರು! ಎಣಿಕೆ ಇಳಿಯುತ್ತಾ ಬಂದ ಮೇಲೆ ಯಾರಿಗೋ ಹೊಳೆಯಿತು, ಅರೆ, ಪ್ರವಾಸಿಗರು ಬರುವುದೇ ಇದನ್ನು ನೋಡಲು! 2013ರಲ್ಲಿ ಯತಾಯಿಗೆಂದೇ ಕಾಯ್ದೆ ಮಾಡಿ, ಆಮೇಲೆ ಹೊಸಬರಿಂದ ಅರ್ಜಿ ಕರೆದರು. ಈಗ ನೂರರ ಆಸುಪಾಸು ಉಳಿದಿವೆ, ಎಲ್ಲ ಪೋಸ್ಟರಿನಲ್ಲೂ ಅವೇ. ಯಾವುದನ್ನೇ ಆಗಲಿ ಪರಂಪರೆ ಮಾಡಬೇಕಾದರೆ ಮುಕ್ಕಾಲು ಭಾಗ ಸಾಯಿಸಬೇಕು ಎಂಬುದು ನಮ್ಮ ನಗರಪಾಲಿಕೆಗಳಿಗೂ ಗೊತ್ತು. ಅವು ಪೋಸ್ಟರಿನವರೆಗೆ ಹೋಗುವುದಿಲ್ಲ, ಅಷ್ಟೇ.

ಆದರೂ ಒಪ್ಪಬೇಕು, ಅಲ್ಲಿ ನಿಯಮ ಅಂದರೆ ನಿಯಮ. ಅಂಗಡಿ 3 ಮೀಟರ್ ಉದ್ದ, 2.5 ಮೀಟರ್ ಅಗಲ ಮೀರುವಂತಿಲ್ಲ. ಹಸಿ ಮೀನು ಬಡಿಸುವಂತಿಲ್ಲ. ಬೆಲೆ ಬರೆದು ಹಾಕಬೇಕು. ಸಂಜೆ ಕಟ್ಟಿ, ಬೆಳಗಾಗುವ ಮೊದಲು ಬಿಚ್ಚಿಕೊಂಡು ಹೋಗಬೇಕು. ಒಳಗೆ ಶೌಚಾಲಯ ಇಲ್ಲ, ಬಿಯರ್ ಕುಡಿದವರು ಹುಡುಕಿಕೊಂಡು ಓಡಬೇಕು. ಇದೂ ನಮ್ಮವರಿಗೆ “ಅನುಭವ”.

ಅದೇ ಮನುಷ್ಯ ಬೆಂಗಳೂರಿಗೆ ಇಳಿದ ಮರುದಿನ ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪಿನಲ್ಲಿ ಏನು ಬರೆಯುತ್ತಾನೆ? “ಗೇಟಿನ ಪಕ್ಕ ತಟ್ಟೆ ಇಡ್ಲಿ ಗಾಡಿ ಬಂದಿದೆ. ನ್ಯೂಸೆನ್ಸ್. ಎಲ್ಲರೂ ಕಂಪ್ಲೇಂಟ್ ಹಾಕಿ.” ಕೆಳಗೆ ಸಾಲು ಸಾಲು ಹೆಬ್ಬೆರಳು. ಗಾಡಿಯ ಅಮ್ಮ ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ಹೊತ್ತು ತಂದಿರುತ್ತಾಳೆ. ಅವಳು ಫುಟ್‌ಪಾತಿನಲ್ಲಿ ನಿಂತರೆ ಒತ್ತುವರಿ. ಇವರ ಎರಡನೇ ಕಾರು ಅದೇ ಫುಟ್‌ಪಾತ್ ಹತ್ತಿ ನಿಂತರೆ ಪಾರ್ಕಿಂಗ್. ನಿಜ ಹೇಳಬೇಕೆಂದರೆ ನನಗೆ ಇದರ ಮೇಲೆ ತಮಾಷೆ ಮಾಡಿ ಮಾಡಿ ಸಾಕಾಗಿದೆ.

ಕಾನೂನಿಲ್ಲವೇ? ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಆಗಿರಬೇಕು, ಅದೂ ಚುನಾವಣೆಯಿಂದ ಬಂದವರು. ಓದಲು ಬಹಳ ಚೆನ್ನಾಗಿದೆ. ಲಾರಿ ತಂದು ಗಾಡಿ ಎತ್ತಿಹಾಕುವವರೂ ಬಿಡುವಾದಾಗ ಓದಬಹುದು. ಫುಕುವೋಕಾದಲ್ಲಿ ಯತಾಯಿಯವರು ರಸ್ತೆ ಬಳಸಿದ್ದಕ್ಕೆ ನಗರಕ್ಕೆ ಶುಲ್ಕ ಕಟ್ಟುತ್ತಾರೆ. ನಮ್ಮ ಇಡ್ಲಿ ಅಮ್ಮನೂ ಕಟ್ಟುತ್ತಾಳೆ, ಮಾಮೂಲು. ಕಟ್ಟಿದ ವಾರವೇ ಅವಳ ಸಿಲಿಂಡರ್ ಎತ್ತಿಕೊಂಡು ಹೋಗುತ್ತಾರೆ, ಬಿಡಿಸಿಕೊಳ್ಳಲು ಬೇರೆ ದುಡ್ಡು. ರಸೀದಿ ಎರಡಕ್ಕೂ ಇಲ್ಲ.